ಐರಿನ್ ಬಾಯಿಯ ಶಾಲು

ನಮ್ಮ ಊರಿನಲ್ಲಿ ಹಡಗು ತಪಾಸಣೆ ಮಾಡುವವರ ಎದುರು ಉಪ್ಪಿನ ಮಾತು ಆಡುವುದಿಲ್ಲ. ಅವರು ಪಾಸು ಕೊಟ್ಟ ಹಡಗು ಕಡಲಲ್ಲಿರುವಷ್ಟು ದಿನ ಅವರ ನಾಲಿಗೆಗೆ ಉಪ್ಪು ಗೊತ್ತಾಗುವುದಿಲ್ಲ. ಬಂದರಿನ ಧಕ್ಕೆಯಿಂದ ಹಡಗಿನ ಹಗ್ಗ ಬಿಚ್ಚಿದ ಕ್ಷಣ ಉಪ್ಪು ಹೋಗುತ್ತದೆ, ಹಡಗು ಯಾವುದೋ ಊರಿನ ದಡ ಮುಟ್ಟಿದ ಕ್ಷಣ ಮರಳಿ ಬರುತ್ತದೆ. ಹುಳಿ, ಖಾರ, ಸಿಹಿ ಎಲ್ಲ ಇರುತ್ತದೆ, ಉಪ್ಪೊಂದು ಇರುವುದಿಲ್ಲ. ಯಾಕೆ ಹೀಗೆ ಎಂದು ಹೊರಗಿನಿಂದ ಬಂದವರು ಕೇಳುವುದುಂಟು. ನಮಗೆ ಅದನ್ನು ಯೋಚಿಸಲು ಪುರುಸೊತ್ತಿಲ್ಲ. ಅಂಥವರಿಗೆ ಊಟ ಹಾಕುವುದು ಹೇಗೆ ಎಂಬುದೇ ನಮ್ಮ ಚಿಂತೆ.

ಊಟ ಹಾಕುವವಳು ನಾನು. ಹೆಸರು ಸುಗಂಧಿ. ಧಕ್ಕೆಯ ಎದುರಿಗಿರುವ ಗಂಜಿ ಊಟದ ಹೋಟೆಲು ನನ್ನದು. ತಪಾಸಣೆಯವರೆಲ್ಲ ಮಧ್ಯಾಹ್ನ ಇಲ್ಲಿಗೇ ಬರುತ್ತಾರೆ. ಒಬ್ಬರು ಪಾಸು ಕೊಟ್ಟ ಹಡಗು ದಡ ಸೇರುವವರೆಗೆ ಅವರು ಇನ್ನೊಂದಕ್ಕೆ ಪಾಸು ಕೊಡುವಂತಿಲ್ಲ ಎಂಬುದು ಅವರ ಕಟ್ಟಳೆ. ಹಾಗಾಗಿ ಯಾರ ಹಡಗು ಹೊರಗಿದೆ, ಯಾರದು ಬಂತು ಎಂಬುದು ಬಂದರಿನ ಕಚೇರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಹಡಗು ಹೊರಗಿದ್ದವರು ಬಂದು ಕುಳಿತರೆ ನಾನು ಉಪ್ಪಿನ ಮರಿಗೆಯನ್ನು ಒಳಗಿಡುತ್ತೇನೆ, ಯಾರ ತಟ್ಟೆಯ ಅಂಚಿಗೂ ಉಪ್ಪು ಬಡಿಸುವುದಿಲ್ಲ. ಪಕ್ಕದಲ್ಲಿ ಕುಳಿತವರ ಸಾರಿಗೆ ಉಪ್ಪು ಸಾಲದಿರಲಿ, ಹೆಚ್ಚಾಗಿ ಬಾಯಿಗಿಡಲು ಆಗದಿರಲಿ, ಅವರು ತುಟಿ ಬಿಚ್ಚುವಂತಿಲ್ಲ. ಹಾಗೆ ಹೇಳುವುದೆಂದರೆ ಕಡಲಲ್ಲಿರುವ ಹಡಗಿನ ಮೇಲೆ ಕಲ್ಲೆಸೆದ ಹಾಗೆ ಎಂದು ನಮ್ಮವರ ನಂಬಿಕೆ. ಈ ನಂಬಿಕೆಯ ಲಾಭ ಅಡುಗೆಯವರಿಗೆ. ಇಷ್ಟು ವರ್ಷಗಳಲ್ಲಿ ನನ್ನ ಅಡುಗೆಯ ಉಪ್ಪಿನ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ. ನಾನು ಬಹಳ ಚೆನ್ನಾಗಿ ಅಡುಗೆ ಮಾಡುತ್ತೇನೆ ಎಂದೇ ತಿಳಿದಿದ್ದೆ.

ಕೊಗ್ಗಣ್ಣ ಎಂಬವರೊಬ್ಬರಿದ್ದಾರೆ. ಒಂದು ಕಾಲದಲ್ಲಿ ತಪಾಸಣೆಯಲ್ಲಿದ್ದವರು. ಅವರು ಪಾಸು ಕೊಟ್ಟ ಒಂದು ಹಡಗು ಮರಳಲಿಲ್ಲ, ಅವರಿಗೆ ಉಪ್ಪೂ ಮರಳಲಿಲ್ಲ. ಈಗಲೂ ದಿನಾ ಗಂಜಿಗೆ ಬರುತ್ತಾರೆ. ಮೊದಲ ತುತ್ತನ್ನು ಬಾಯಿಗಿಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಾರೆ, ಆಮೇಲೆ ಉಳಿದದ್ದನ್ನು ಸುಮ್ಮನೆ ಉಣ್ಣುತ್ತಾರೆ. ಆ ಹೊತ್ತಿಗೆ ನಾವೆಲ್ಲ ಬೇರೆ ಕಡೆ ನೋಡುತ್ತೇವೆ.

ನನ್ನ ಮಗಳು ವಾರಿಜ ‘ನೀಲವೇಣಿ’ ಎಂಬ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕೆ ಸೇರಿದಳು. ಅಮ್ಮನ ಒಲೆಯ ಬಿಸಿಗೆ ಬೆವರುವುದಕ್ಕಿಂತ ಎಂಜಿನ್ನಿನ ಬಿಸಿಯೇ ವಾಸಿ ಎಂದಳು. ಹೊರಡುವ ದಿನ ನಾನು ಬಂಗುಡೆ ಸಾರು, ಕಡುಬು ಎಲ್ಲ ಮಾಡಿ, ಅತ್ತು ಕರೆದು ಕಳುಹಿಸಿಕೊಟ್ಟರೆ ಸಂಜೆಯ ಹೊತ್ತಿಗೆ ಚೀಲ ಹೊತ್ತುಕೊಂಡು ಮನೆಗೆ ವಾಪಸು ಬಂದಳು. “ಬೇಡ ಬಾಯಿ ಬೇಡ ಅಂದ್ರು” ಎಂದಳು.

ಬೇಡ ಬಾಯಿ ಎಂದರೆ ಐರಿನ್ ಬಾಯಿ. ತಪಾಸಣೆಯವರಲ್ಲಿ ಇದ್ದ ಒಬ್ಬಳೇ ಹೆಂಗಸು. ಪಾಸು ಕೇಳಿದವರಿಗೆ ಬೇಡ ಎಂದೇ ಹೆಚ್ಚು ಸಲ ಹೇಳುತ್ತಿದ್ದುದರಿಂದ ಊರು ಇಟ್ಟ ಹೆಸರು ಅದು. ಅವರಿಗೂ ಗೊತ್ತಿತ್ತು, ಬೇಸರವಿರಲಿಲ್ಲ. ನೀಲವೇಣಿಯವರು ತಪಾಸಣೆಗೆಂದು ಹಡಗಿಗೆಲ್ಲ ಹೊಸ ಬಣ್ಣ ಬಳಿದು ಮದುಮಗಳ ಹಾಗೆ ಸಿಂಗರಿಸಿದ್ದರು. ಆಪತ್ತಿಗೆಂದು ಎರಡು ಬದಿಯಲ್ಲಿ ತೂಗುಹಾಕುವ ದೋಣಿಗಳಿಗೂ ಬಳಿದಿದ್ದರು, ದೋಣಿ ಇಳಿಸುವ ರಾಟೆಗಳಿಗೂ ಬಳಿದಿದ್ದರು. ಐರಿನ್ ಬಾಯಿ ದೋಣಿಯೊಳಗೆ ತಾನೇ ಹತ್ತಿ ಕುಳಿತು ಇಳಿಸಿ ಎಂದರಂತೆ. ಅರ್ಧ ಇಳಿದ ದೋಣಿ ಬಣ್ಣ ಮೆತ್ತಿದ ರಾಟೆಯಲ್ಲಿ ಸಿಕ್ಕಿ, ಒಂದು ತುದಿ ಮೇಲೆ ಒಂದು ತುದಿ ಕೆಳಗಾಗಿ ನಿಂತಿತು. ಬಾಯಿ ಅಲ್ಲೇ ತೂಗಾಡಿಕೊಂಡು, “ಪಾಸು ಇಲ್ಲ” ಎಂದರು.

ರಾಟೆ ಬದಲಾಯಿಸಲು ದಿನಗಳು ಹಿಡಿದವು. ಬದಲಾಯಿಸಿದ ಮೇಲೂ ಬಿಡಲಿಲ್ಲ. ಹಡಗಿನ ಮಂದಿಯನ್ನೆಲ್ಲ ದೋಣಿಗೆ ಹತ್ತಿಸಿ ನೀರಿಗಿಳಿಸಿ, ಮೇಲೆತ್ತಿ, ಮತ್ತೆ ಇಳಿಸಿದರು. ಕೊನೆಗೆ ಕಣ್ಣಿಗೆ ಬಟ್ಟೆ ಕಟ್ಟಿಸಿ ಇಳಿಸಲು ಹೇಳಿದರು. ಧಕ್ಕೆಯಲ್ಲಿ ನೋಡಲು ಜಾತ್ರೆಯ ಜನ. ನನಗೆ ಮೈಯೆಲ್ಲ ಉರಿಯಿತು. ದಿನಾ ಬೀಳ್ಕೊಡುಗೆಯ ಅಡುಗೆ, ದಿನಾ ಅಳು, ಸಂಜೆ ಮಗಳು ಮನೆಯಲ್ಲಿ! ಒಮ್ಮೆ ಊಟಕ್ಕೆ ಬಂದ ಐರಿನ್ ಬಾಯಿಯ ಎದುರು ನಿಂತು ಕೇಳಿಯೇ ಬಿಟ್ಟೆ.

“ಬಾಯಿ, ಹಡಗು ಹೋಗುದು ಕಡಲಿಗೆ ಅಲ್ವಾ? ನಮ್ಮ ಹುಡುಗಿಗೆ ದೋಣಿ ಆಟ ಆಡಿಸ್ಲಿಕ್ಕೆ ಅಲ್ಲ ಅಲ್ವಾ?”

ಅವರು ತಟ್ಟೆಯನ್ನು ಹಾಗೆಯೇ ದೂಡಿದರು. ತುತ್ತು ಮುಟ್ಟಿರಲಿಲ್ಲ. “ಇನ್ನೊಂದು ಸಲ ಇಳಿಸಿ ನೋಡ್ತೇನೆ ಸುಗಂಧಿ. ನನಗೆ ಸಮಾಧಾನ ಇಲ್ಲ” ಎಂದು ಎದ್ದು ಹೋದರು. ನನ್ನ ಮಾತು ಅವರ ಕಿವಿಗೆ ಬಿದ್ದಂತೆಯೇ ಇರಲಿಲ್ಲ. ಮರುದಿನ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಮಗಳ ಹಡಗು ಅಂದು ಬೆಳಗ್ಗೆ ಹೊರಟಿತ್ತು. ಮರಿಗೆ ಒಳಗಿಡುತ್ತ ನಾನು ಮುಖ ದಪ್ಪ ಮಾಡಿಕೊಂಡೇ ಬಡಿಸಿದೆ.

ಅದೇ ಸಮಯದಲ್ಲಿ ಬಂದರು ಮಂಡಳಿಯ ಅಧ್ಯಕ್ಷ ಸದಾಶಿವ ರಾಯರಿಗೆ ಉತ್ತಮ ತಪಾಸಣೆಗಾರರನ್ನು ಆರಿಸಿ ಸನ್ಮಾನ ಮಾಡಬೇಕೆಂಬ ಯೋಚನೆ ಬಂತು. ರಾಯರಿಗೆ ಸನ್ಮಾನವೆಂದರೆ ಪಂಚಪ್ರಾಣ. ತಾವು ಮಾಡಿಸಿಕೊಂಡು ಸಾಕಾದ ಮೇಲೆ ಈಗ ಬೇರೆಯವರಿಗೆ ಮಾಡಲು ಹೊರಟಿದ್ದರು. ಆದರೆ ಉತ್ತಮರು ಯಾರು ಎಂದು ಅಳೆಯುವುದು ಹೇಗೆ? ಹೆಚ್ಚು ಹಡಗಿಗೆ ಪಾಸು ಕೊಟ್ಟವರು ಎಂದರೆ ದೂಮಪ್ಪಣ್ಣ. ನಗುಮೊಗದ ಮನುಷ್ಯ, ಹಡಗಿನ ಈ ತುದಿಯಲ್ಲಿ ಹತ್ತಿ ಆ ತುದಿಯಲ್ಲಿ ಇಳಿಯುವುದರೊಳಗೆ ಅವರ ತಪಾಸಣೆ ಮುಗಿದಿರುತ್ತಿತ್ತು. ಅದೃಷ್ಟವಂತರು, ಅವರ ಹಡಗುಗಳೆಲ್ಲ ಬಂದಿದ್ದವು. ಐರಿನ್ ಬಾಯಿ ತಡೆದ ಹಡಗುಗಳನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಯಾರೋ ಹೇಳಿದ್ದಕ್ಕೆ ರಾಯರು, “ಹೋಗದ ಹಡಗು ಮುಳುಗ್ತಿತ್ತು ಅಂತ ಹೇಳ್ಲಿಕ್ಕೆ ಸಾಕ್ಷಿ ಎಲ್ಲುಂಟು?” ಎಂದರಂತೆ. ಅದೂ ಸರಿಯೇ. ತಲೆ ಕೆಡಿಸಿಕೊಂಡ ರಾಯರು ಒಂದು ದಿನ ನನ್ನ ಹೋಟೆಲಿಗೆ ಬಂದು ಕುಳಿತರು.

“ಸುಗಂಧಿಯಕ್ಕ, ನಿಮಗೆ ಇವರೆಲ್ಲ ದಿನಾ ಸಿಗ್ತಾರೆ. ನಿಮ್ಮ ಮಗಳು ಹತ್ತುವ ಹಡಗನ್ನು ಯಾರು ನೋಡಿದ್ರೆ ನಿಮಗೆ ನಿದ್ರೆ ಬರ್ತದೆ? ಅಷ್ಟು ಹೇಳಿ ಸಾಕು.”

ದೂಮಪ್ಪಣ್ಣ ಎಂದು ಹೇಳಿ ಐರಿನ್ ಬಾಯಿಯ ಮೇಲಿನ ಸಿಟ್ಟು ತೀರಿಸಿಕೊಳ್ಳುವ ಆಸೆ ನನಗೆ ಬಹಳ ಇತ್ತು. ಆದರೆ ಕೇಳಿದ್ದು ಮಗಳ ಮಾತು. “ರಾಯರೇ, ಊಟ ಬಡಿಸುವವಳು ನಾನು, ನನಗೆ ಗೊತ್ತಿರುದು ತಟ್ಟೆ ಮಾತ್ರ” ಎಂದೆ. “ಬೇರೆಯವರೆಲ್ಲ ಪಾಸು ಕೊಡುವ ಮೊದಲು ಗಡದ್ದಾಗಿ ಉಣ್ತಾರೆ. ಕೊಟ್ಟ ಮೇಲೆ ಅನ್ನ ಕೆದಕಿಕೊಂಡು, ಉಪ್ಪಿನಕಾಯಿ ನೆಕ್ಕಿಕೊಂಡು ಕಡಲು ನೋಡ್ತಾ ಕೂತ್ಕೊಳ್ತಾರೆ. ಬಾಯಿ ಮಾತ್ರ ಪಾಸು ಕೊಡುವ ಮೊದಲು ತುತ್ತು ಮುಟ್ಟುದಿಲ್ಲ. ಕೊಟ್ಟ ಮೇಲೆ ಸಪ್ಪೆ ಅನ್ನವನ್ನು ಪಾಯಸದ ಹಾಗೆ ಉಣ್ತಾರೆ. ಹೆದರುವ ಕೆಲಸವನ್ನೆಲ್ಲ ಮೊದಲೇ ಮುಗಿಸಿರ್ತಾರೆ. ನನಗೆ ನಿದ್ರೆ ಬರುದು ಅದರಿಂದ. ಆದ್ರೆ ಅವರ ಮೇಲೆ ನನಗೆ ಕೋಪ ಉಂಟು, ಅದನ್ನೂ ಬರ್ಕೊಳ್ಳಿ.”

ರಾಯರು ಕೋಪದ ಸಂಗತಿ ಬಿಟ್ಟು ಉಳಿದದ್ದನ್ನು ಮಂಡಳಿಯಲ್ಲಿ ಹೇಳಿದರು. ಸನ್ಮಾನ ಐರಿನ್ ಬಾಯಿಗೆ ಎಂದಾಯಿತು. ಮಧ್ಯಾಹ್ನದ ಊಟದ ಜವಾಬ್ದಾರಿ ನನಗೆ.

ಆಮಂತ್ರಣ ಹಂಚಿ ಮುಗಿಯುವುದರೊಳಗೆ ನೀಲವೇಣಿಯ ರೇಡಿಯೋ ಸುಮ್ಮನಾಯಿತು. ಗಾಳಿ ಎದ್ದ ಸುದ್ದಿ ಬೇರೆ ಹಡಗಿನವರಿಂದ ಬಂತು. ಅದು ತಲುಪಬೇಕಾದ ದಿನ ದಾಟಿತು, ಮತ್ತೂ ದಿನಗಳು ದಾಟಿದವು. ನಾನು ದಿನಾ ಐರಿನ್ ಬಾಯಿಯ ತಟ್ಟೆ ನೋಡತೊಡಗಿದೆ. ಅವರು ಉಣ್ಣುತ್ತಿದ್ದರೆ ನನಗೂ ಗಂಟಲಲ್ಲಿ ನೀರಿಳಿಯುತ್ತಿತ್ತು. ಪಂಕ್ತಿಯಲ್ಲಿದ್ದವರೂ ಓರೆಗಣ್ಣಿನಿಂದ ಅದನ್ನೇ ನೋಡುತ್ತಿದ್ದರು. ಪಾಪ, ಅವರು ಒಂದು ತುತ್ತು ನಿಧಾನ ಮಾಡಿದರೂ ಇಡೀ ಹೋಟೆಲಿನ ಉಸಿರು ಕಟ್ಟುತ್ತಿತ್ತು.

ಒಂದು ದಿನ ಅವರು ಅರ್ಧ ಊಟಕ್ಕೆ ಕೈ ತೊಳೆದರು. ನಾನು ಸೌಟು ಹಿಡಿದುಕೊಂಡೇ ಅವರ ಹಿಂದೆ ಹೊರಗೆ ಓಡಿದೆ. “ಬಾಯಿ, ಎಂತ ಆಯ್ತು? ಸುಳ್ಳು ಹೇಳ್ಬೇಡಿ ಆಯ್ತಾ” ಎಂದೆ.

“ಹೆದರಿಕೆ ಆಗ್ತದೆ ಸುಗಂಧಿ” ಎಂದರು ಅವರು. “ಹಡಗನ್ನು ನಾನು ನೋಡಿದ್ದೇನೆ. ಒಂದೊಂದು ಮೊಳೆ ನೋಡಿದ್ದೇನೆ. ಆದ್ರೆ ಕಡಲನ್ನು ಯಾರು ನೋಡ್ಲಿಕ್ಕೆ ಆಗ್ತದೆ?”

ನನಗೆ ಅವರನ್ನು ಬೈಯಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು. ಎರಡೂ ಮಾಡಲಿಲ್ಲ. ಇಬ್ಬರೂ ಬಾಗಿಲಲ್ಲಿ ನಿಂತು ಸುಮ್ಮನೆ ಅತ್ತೆವು.

ಮರುದಿನ ರಾಯರು ಬಂದು ಕಾರ್ಯಕ್ರಮ ಮುಂದೆ ಹಾಕುವ ಎಂದರು. ಐರಿನ್ ಬಾಯಿಯೂ ಅದನ್ನೇ ಹೇಳಿದ್ದರಂತೆ. ನನಗೆ ಸಿಟ್ಟು ನೆತ್ತಿಗೇರಿತು. “ಮುಂದೆ ಹಾಕಿದ್ರೆ ಅದರ ಅರ್ಥ ಎಂತ ರಾಯರೇ? ಹಡಗು ಬರುದಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ನನ್ನ ಮಗಳು ಇದ್ದಾಳೆ. ಅವಳ ಹಡಗಿಗೆ ಪಾಸು ಕೊಟ್ಟವರಿಗೆ ಶಾಲು ಹೊದಿಸಿ. ಊಟ ನಾನು ಮಾಡ್ತೇನೆ” ಎಂದೆ. ಹೇಳುವಾಗ ಧೈರ್ಯವಿತ್ತು. ರಾಯರು ಹೋದ ಮೇಲೆ ಅಕ್ಕಿ ಮೂಟೆಯ ಮೇಲೆ ಕುಳಿತುಬಿಟ್ಟೆ.

ಸನ್ಮಾನದ ದಿನ ಬೆಳಗ್ಗಿನಿಂದ ನನ್ನ ಕೈ ಕೆಲಸ ಮಾಡುತ್ತಿತ್ತು, ತಲೆ ಎಲ್ಲೋ ಇತ್ತು. ತೆಂಗಿನಕಾಯಿ ತುರಿದೆ, ಸೌತೆಕಾಯಿ ಹುಳಿಗೆ ಇಟ್ಟೆ, ದೊಡ್ಡ ಚರಿಗೆಯಲ್ಲಿ ಸಾರು ಕುದಿಸಿದೆ. ನಡುನಡುವೆ ಯಾರೋ ಬಾಗಿಲಿಗೆ ಬಂದಾಗೆಲ್ಲ ಸುದ್ದಿಯೆಂದು ಓಡುವುದು, ಬಾಳೆಲೆ ತಂದವನೋ ಹೂವಿನವಳೋ ಆಗಿರುವುದು, ಮರಳಿ ಒಲೆಯ ಹತ್ತಿರ ಬಂದು ಎಲ್ಲಿಗೆ ನಿಲ್ಲಿಸಿದ್ದೆ ಎಂದು ನೆನಪಿಸಿಕೊಳ್ಳುವುದು. ಬಡಿಸುವ ಮೊದಲು ಅಡುಗೆಯ ರುಚಿ ನೋಡುವ ಕ್ರಮ ನಮ್ಮಲ್ಲಿಲ್ಲ, ಕೈಯಂದಾಜೇ ಎಲ್ಲ.

ಮಂಡಳಿಯ ಸಭಾಂಗಣದಲ್ಲಿ ಭಾಷಣಗಳಾದವು. ರಾಯರು ಶಾಲು ಬಿಡಿಸಿ ಮುಂದೆ ಬಂದಾಗ ಐರಿನ್ ಬಾಯಿ ಕೈ ಅಡ್ಡ ಹಿಡಿದರು. “ಬೇಡ” ಎಂದರು. ಹೆಸರಿಗೆ ತಕ್ಕ ಹಾಗೆ ಎಂದು ಬೇರೆ ದಿನವಾದರೆ ಜನ ನಗುತ್ತಿದ್ದರು. “ಶಾಲು ಕುರ್ಚಿ ಮೇಲೆ ಇರ್ಲಿ ರಾಯರೇ. ಹಡಗು ಬಂದ ಮೇಲೆ ಹೊದೀತೇನೆ.” ರಾಯರು ಕಕ್ಕಾಬಿಕ್ಕಿಯಾಗಿ ಕುರ್ಚಿಗೇ ಶಾಲು ಹೊದಿಸಿ, ಹಾರವನ್ನೂ ಅದಕ್ಕೇ ಹಾಕಿ, ಊಟಕ್ಕೆ ಏಳಿ ಎಂದರು.

ಎಲ್ಲರೂ ಸಾಲಾಗಿ ಕುಳಿತರು. ಐರಿನ್ ಬಾಯಿ ನಡುವೆ, ಅವರ ಬಲಕ್ಕೆ ರಾಯರು, ಎಡಕ್ಕೆ ದೂಮಪ್ಪಣ್ಣ, ತುದಿಯಲ್ಲಿ ಕೊಗ್ಗಣ್ಣ. ಯಾರ ಎಲೆಗೂ ಉಪ್ಪು ಬಡಿಸಲಿಲ್ಲ. ಅನ್ನ ಬಡಿಸಿದೆ, ಸಾರು ಬಡಿಸಿದೆ. ಐರಿನ್ ಬಾಯಿ ಅನ್ನ ಕಲಸಿದರೇ ಹೊರತು ತುತ್ತು ಎತ್ತಲಿಲ್ಲ, ಕೈ ಎಲೆಯ ಮೇಲೆಯೇ ಇತ್ತು. ಉಳಿದವರು ಉಣ್ಣತೊಡಗಿದರು. ಒಬ್ಬೊಬ್ಬರಾಗಿ ನೀರು ಕೇಳಿದರು. ರಾಯರು ಒಂದು ಲೋಟ ಮುಗಿಸಿ ಇನ್ನೊಂದು ಕೇಳಿದರು. ದೂಮಪ್ಪಣ್ಣನ ಕಣ್ಣಲ್ಲಿ ನೀರು ಬಂದಿತ್ತು. ನೀಲವೇಣಿಗಾಗಿ ಅಳುತ್ತಿದ್ದಾರೆ ಎಂದುಕೊಂಡು ನನಗೆ ಅವರ ಮೇಲೆ ಪ್ರೀತಿ ಉಕ್ಕಿ ಇನ್ನೊಂದು ಸೌಟು ಸಾರು ಹಾಕಿದೆ. ಅವರು ಬೇಡವೆನ್ನಲು ಕೈ ಎತ್ತಿ, ಐರಿನ್ ಬಾಯಿಯತ್ತ ನೋಡಿ, ಕೈ ಇಳಿಸಿದರು. ಕೊಗ್ಗಣ್ಣ ಒಬ್ಬರೇ ಸಾರು ಚೆನ್ನಾಗಿದೆಯೆಂದು ತಾವಾಗಿ ಎರಡನೇ ಸಲ ಕೇಳಿ ಹಾಕಿಸಿಕೊಂಡರು.

ನಾನು ಬಾಯಿಯ ಎದುರು ಹೋಗಿ ಕುಕ್ಕರಗಾಲಲ್ಲಿ ಕುಳಿತೆ. “ಒಂದು ತುತ್ತು ಉಣ್ಣಿ ಬಾಯಿ. ನನಗೋಸ್ಕರ. ನೀವು ಉಣ್ಣುದಿಲ್ಲ ಅಂದ್ರೆ ನಾನು ಏನು ತಿಳ್ಕೊಳ್ಬೇಕು?”

ಅವರು ನನ್ನ ಮುಖ ನೋಡಿದರು. ಆಮೇಲೆ ತುತ್ತು ಎತ್ತಿ ಬಾಯಿಗಿಟ್ಟರು. ಸಪ್ಪೆಯನ್ನು ಜಗಿಯುವ ಹಾಗೆ ನಿಧಾನವಾಗಿ ಜಗಿದರು. ನುಂಗಿದರು. ಇನ್ನೊಂದು ತುತ್ತು ಇಟ್ಟರು, ಇನ್ನೊಂದು. ಮತ್ತೊಂದು ತುತ್ತು ಇಟ್ಟವರು ಜಗಿಯುವುದನ್ನು ನಿಲ್ಲಿಸಿದರು. ಕೆನ್ನೆ ಹಾಗೇ ಉಬ್ಬಿ ನಿಂತಿತು. ಹುಬ್ಬು ಗಂಟಿಕ್ಕಿತು, ಕಣ್ಣು ಕಿರಿದಾಯಿತು, ಇಡೀ ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಯಿತು. ಎಲೆಯ ಪಕ್ಕಕ್ಕೆ ತಿರುಗಿ ತುತ್ತನ್ನು ಉಗಿದೇ ಬಿಟ್ಟರು.

“ಇದೆಂತ ಸಾರು ಮಾರಾಯ್ತಿ! ಉಪ್ಪಿನ ಗೋಣಿಯನ್ನೇ ಸುರಿದಿದ್ದೀಯಾ?”

ಪಂಕ್ತಿಯಲ್ಲಿ ಒಂದು ಲೋಟವೂ ಅಲುಗಲಿಲ್ಲ. ಐರಿನ್ ಬಾಯಿ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡವರಂತೆ ಕುಳಿತಿದ್ದರು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು, “ಸುಗಂಧಿ, ಉಪ್ಪು” ಎಂದರು. “ಉಪ್ಪು ಸುಗಂಧಿ, ಉಪ್ಪು.”

ನನಗೆ ಏನಾಯಿತೆಂದು ಸರಿಯಾಗಿ ನೆನಪಿಲ್ಲ. ಕೂಗಿದೆನಂತೆ. ಪಂಕ್ತಿ ಮುಗಿಯುವ ಮೊದಲೇ ಎಲ್ಲರೂ ಎಲೆ ಬಿಟ್ಟು ಎದ್ದಿದ್ದರು. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದವರೆಲ್ಲ ಒಟ್ಟಿಗೆ ಬಾಯಿ ಬಿಟ್ಟರು. “ಅಯ್ಯೋ ಸುಗಂಧಿಯಕ್ಕ, ವಿಷ ಆಗಿತ್ತು!” “ನಾಲಿಗೆ ಸುಟ್ಟು ಹೋಯ್ತು!” “ಇಷ್ಟು ವರ್ಷ ಹೇಳ್ಲಿಕ್ಕೆ ಆಗ್ಲಿಲ್ಲ, ಹುಳಿಯೂ ಯಾವಾಗ್ಲೂ ಹಾಗೇ!” ಅಷ್ಟು ಸಂತೋಷದಿಂದ ಬೈಗುಳ ತಿಂದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಬೆಳಗ್ಗೆ ಎಷ್ಟು ಸಲ ಬಾಗಿಲಿಗೆ ಓಡಿ ಬಂದಿದ್ದೆನೋ ಅಷ್ಟು ಸಲವೂ ಸಾರಿಗೆ ಉಪ್ಪು ಹಾಕಿದ್ದೆ ಎಂದು ಕಾಣುತ್ತದೆ. ಸಾರು ಮೆತ್ತಿದ ಕೈಯಲ್ಲೇ ಹೋಗಿ, ಕುರ್ಚಿಯಿಂದ ಶಾಲು ಎಳೆದು ತಂದು ಬಾಯಿಯ ಹೆಗಲಿಗೆ ಹೊದಿಸಿದೆ. ರೇಷ್ಮೆಗೆ ಆದ ಕಲೆ ಈಗಲೂ ಹೋಗಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಕಚೇರಿಗೆ ಫೋನು ಬಂತು. ರಾಯರು ಮಾತಾಡಿ ನನ್ನ ಕೈಗೆ ಕೊಟ್ಟರು. ಆಚೆ ಕಡೆ ವಾರಿಜ. “ಅಮ್ಮ, ನೀಲವೇಣಿ ಹೋಯ್ತಮ್ಮ. ಮುಳುಗಿತು. ಕತ್ತಲೆಯಲ್ಲಿ, ಆ ಗಾಳಿಯಲ್ಲಿ ದೋಣಿ ಇಳಿಸಿದೆವು. ಕೈಗೆ ಅಭ್ಯಾಸ ಆಗಿತ್ತಲ್ಲ, ಕಣ್ಣು ಬೇಕಾಗ್ಲಿಲ್ಲ. ಎಲ್ಲರೂ ಇದ್ದೇವೆ. ಕೊನೆಯ ದೋಣಿ ಈಗಷ್ಟೇ ದಡಕ್ಕೆ ಬಂತು. ಹಸಿವಾಗ್ತದೆ ಅಮ್ಮ” ಎಂದಳು. ನಾನು ಹೂಂ ಹೂಂ ಎನ್ನುತ್ತಲೇ ಇದ್ದೆ.

ಹಡಗು ಮುಳುಗಿಯೂ ಉಪ್ಪು ಬಂದದ್ದು ನಮ್ಮ ಊರಿನಲ್ಲಿ ಅದೇ ಮೊದಲು. ಉಪ್ಪು ಕಾಯುವುದು ಹಡಗನ್ನಲ್ಲ, ಹಡಗಿನ ಮಂದಿಯನ್ನು ಎಂದು ಅಂದು ನಮಗೆ ಗೊತ್ತಾಯಿತು. ರಾಯರಿಗೆ ಮಾತ್ರ ಹೊಸ ತಲೆನೋವು. “ಆದ್ರೂ ಪಾಸಾದ ಹಡಗು ಮುಳುಗಿದೆಯಲ್ಲ. ಸನ್ಮಾನ ಹಾಗೇ ಬಿಡುದಾ ಹೇಗೆ?” ಎಂದು ಮೆಲ್ಲಗೆ ಕೇಳಿದರು. ನಾನು ಸೌಟು ಹುಡುಕುವಷ್ಟರಲ್ಲಿ ದೂಮಪ್ಪಣ್ಣನೇ ಉತ್ತರ ಕೊಟ್ಟರು.

“ರಾಯರೇ, ಆ ರಾಟೆಯನ್ನು ನಾನು ನೋಡಿದ್ರೆ ಬಣ್ಣ ಚಂದ ಉಂಟು ಅಂತ ಹೇಳಿ ಇಳಿದು ಬರ್ತಿದ್ದೆ. ಶಾಲು ಇರುವಲ್ಲೇ ಇರ್ಲಿ.”

ಆ ಗದ್ದಲದಲ್ಲೂ ಕೊಗ್ಗಣ್ಣ ಒಬ್ಬರೇ ಏಳದೆ ಎಲೆಯ ಮುಂದೆ ಕುಳಿತಿದ್ದರು. “ನನ್ನ ಹಡಗಿನಲ್ಲೂ ದೋಣಿ ಇತ್ತು” ಎಂದರು, ಯಾರಿಗೆಂದಲ್ಲ. “ಲೆಕ್ಕ ಮಾಡಿದ್ದೆ. ಇಳಿಸಿ ನೋಡಿರ್ಲಿಲ್ಲ.” ಐರಿನ್ ಬಾಯಿ ಹೋಗಿ ಅವರ ಪಕ್ಕ ಕುಳಿತರು. ಅಂದಿನಿಂದ ಊಟಕ್ಕೆ ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆ.

ವಾರಿಜ ಮನೆಗೆ ಬಂದು ಕೆಲವು ದಿನಗಳಾದ ಮೇಲಿನ ಮಾತು. ಹೋಟೆಲು ತುಂಬಿತ್ತು. ಐರಿನ್ ಬಾಯಿ ಅಂದು ಇನ್ನೊಂದು ಹಡಗನ್ನು ಕಳುಹಿಸಿ ಬಂದಿದ್ದರು. ಮರಿಗೆ ಒಳಗಿತ್ತು. ಆ ಹಡಗಿನಲ್ಲಿ ಗಂಡನನ್ನು ಕಳುಹಿಸಿದ ಒಬ್ಬ ಎಳೆ ಪ್ರಾಯದ ಹೆಂಗಸು ಮೂಲೆಯಲ್ಲಿ ಗಂಜಿ ಮುಂದಿಟ್ಟುಕೊಂಡು ಮುಟ್ಟದೆ ಕುಳಿತಿದ್ದಳು. ಆ ಸನ್ಮಾನದ ಊಟದ ಮೇಲೆ ನನಗೆ ಉಪ್ಪು ಹಾಕಲು ಕೈ ಹಿಂಜರಿಯುತ್ತದೆ. ವಾರಿಜ ಒಂದು ತುತ್ತು ಬಾಯಿಗಿಟ್ಟವಳೇ ಗಟ್ಟಿಯಾಗಿ, “ಅಮ್ಮ, ಸಾರಿಗೆ ಉಪ್ಪೇ ಇಲ್ಲ!” ಎಂದುಬಿಟ್ಟಳು.

ಎಲ್ಲರ ಕೈಯೂ ನಿಂತಿತು. ನಾನು ಅವಳ ತಲೆಗೆ ಕುಟ್ಟಲು ಕೈ ಎತ್ತಿದ್ದೆ.

“ಹೌದಾ?” ಎಂದರು ಐರಿನ್ ಬಾಯಿ. “ನನಗೇನೂ ಗೊತ್ತಾಗ್ಲಿಲ್ಲ ಮಾರಾಯ್ತಿ.” ತಟ್ಟೆಯ ಕೊನೆಯ ಅಗುಳನ್ನೂ ಬಳಿದು ಉಂಡು, ಇನ್ನೊಂದು ಸೌಟು ಅನ್ನ ಹಾಕು ಎಂದು ತಟ್ಟೆ ಮುಂದೆ ಚಾಚಿದರು. ಮೂಲೆಯ ಹೆಂಗಸು ಆ ತಟ್ಟೆಯನ್ನೇ ನೋಡುತ್ತಿದ್ದಳು. ನಾನು ಅನ್ನ ಹಾಕಿದೆ. ಬಾಯಿ ಉಣ್ಣತೊಡಗಿದರು. ಆಗ ಅವಳೂ ತನ್ನ ಗಂಜಿಗೆ ಕೈ ಹಾಕಿದಳು.